ಗ್ಯಾಸ್ ತುಂಬಿಸುವ ಮುನ್ನ: ಮನೆಯ ಡೀಪ್ ಫ್ರೀಜರಿನ ತೊಂದರೆಯನ್ನು ಪತ್ತೆಹಚ್ಚುವ ಬಗೆ

(ಹಾಸನದಲ್ಲಿ ರೆಫ್ರಿಜರೇಷನ್ ಮೆಕ್ಯಾನಿಕರು ಮತ್ತು ಡೀಪ್ ಫ್ರೀಜರ್ ಬಳಸುವ ಗೃಹಸ್ಥರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಡೀಪ್ ಫ್ರೀಜರ್ ಸರಿಯಾಗಿ ತಂಪು ಮಾಡುತ್ತಿಲ್ಲ ಎಂದಾಕ್ಷಣ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ‘ಗ್ಯಾಸ್ ಖಾಲಿಯಾಗಿರಬೇಕು, ತುಂಬಿಸಿಬಿಡಿ’ ಎಂಬುದು. ಅಡುಗೆ ಸಿಲಿಂಡರಿನ ಹಾಗೆ ಇಲ್ಲಿಯೂ ಗ್ಯಾಸ್ ಉರಿದು ಮುಗಿಯುತ್ತದೆ ಎಂಬ ಎಣಿಕೆ ಆ ಮಾತಿನ ಹಿಂದಿದೆ. ಫ್ರೀಜರಿನೊಳಗಿನ ಗ್ಯಾಸ್ ಬಳಕೆಯಿಂದ ಸವೆಯುವ ವಸ್ತುವಲ್ಲ. ಕಾರ್ಖಾನೆಯಲ್ಲಿ ತುಂಬಿ ಬೆಸುಗೆ ಹಾಕಿದ ಕೊಳವೆಗಳ ಒಳಗೆ ಅದೇ ಗ್ಯಾಸ್ ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದ್ದರೆ ಎಲ್ಲೋ ಒಂದು ಕಡೆ ಲೀಕ್ ಇದೆ ಎಂದೇ ಅರ್ಥ. ಆ ಜಾಗವನ್ನು ಹುಡುಕದೆ ಮೇಲಿನಿಂದ ಗ್ಯಾಸ್ ಹಾಕಿದರೆ ಹೊಸ ಗ್ಯಾಸ್ ಕೂಡ ಅದೇ ದಾರಿ ಹಿಡಿಯುತ್ತದೆ. ಗ್ಯಾಸ್ ಕಡಿಮೆಯೇ ಆಗಿರದಿದ್ದರೆ, ಸರಿಯಾಗಿದ್ದ ವ್ಯವಸ್ಥೆಯನ್ನು ನಾವೇ ಕೆಡಿಸಿದ ಹಾಗಾಗುತ್ತದೆ. ಆದ್ದರಿಂದ ಪೈಪಿಗೆ ಕಟರ್ ಹಾಕುವ ಮೊದಲು ಏನೇನನ್ನು ನೋಡಿ, ಮುಟ್ಟಿ, ಕೇಳಿ ತೀರ್ಮಾನಕ್ಕೆ ಬರಬಹುದು ಎಂಬುದೇ ಈ ಹೊತ್ತಿನ ನನ್ನ ಮುಖ್ಯ ವಿಷಯ.

ವ್ಯವಸ್ಥೆಯ ಪರಿಚಯ ಮೆಕ್ಯಾನಿಕರಿಗೆ ಬೇಕಿಲ್ಲವಾದರೂ ಗೃಹಸ್ಥರಿಗಾಗಿ ಚುಟುಕಾಗಿ ಹೇಳುತ್ತೇನೆ. ಕಂಪ್ರೆಸರ್ ಆವಿಯನ್ನು ಒತ್ತಿ ಬಿಸಿಮಾಡಿ ಕಂಡೆನ್ಸರಿಗೆ ಕಳಿಸುತ್ತದೆ. ಅಲ್ಲಿ ಅದು ಶಾಖವನ್ನು ಹೊರಗೆ ಬಿಟ್ಟು ದ್ರವವಾಗುತ್ತದೆ. ತೇವ ಹೀರುವ ಡ್ರೈಯರ್ ಫಿಲ್ಟರನ್ನು ದಾಟಿ, ಕೂದಲೆಳೆಯಂಥ ರಂಧ್ರವಿರುವ ಕ್ಯಾಪಿಲರಿ ಕೊಳವೆಯನ್ನು ಹಾದು ಕೂಲಿಂಗ್ ಕಾಯಿಲಿಗೆ ಬಂದಾಗ ಒತ್ತಡ ಒಮ್ಮೆಲೇ ಇಳಿದು, ದ್ರವವು ಕುದಿದು ಆವಿಯಾಗುತ್ತ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಕ್ಯಾಪಿಲರಿಯ ಒಳವ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ, ಉದ್ದ ಎರಡು ಮೂರು ಮೀಟರ್. ಇದರಲ್ಲಿ ತಿರುಗಿಸಿ ಹೊಂದಿಸುವಂಥ ವಾಲ್ವ್ ಯಾವುದೂ ಇಲ್ಲ. ಹಾಗಾಗಿ ಮನೆಯ ಫ್ರೀಜರಿಗೆ ಗ್ಯಾಸಿನ ಪ್ರಮಾಣ ಗ್ರಾಂ ಲೆಕ್ಕದಲ್ಲಿ ಸರಿಯಾಗಿಯೇ ಇರಬೇಕಾಗುತ್ತದೆ. ಹೆಚ್ಚಾದದ್ದನ್ನು ಹಿಡಿದಿಟ್ಟುಕೊಳ್ಳಲು ದೊಡ್ಡ ಎ.ಸಿ. ಯಂತ್ರಗಳಲ್ಲಿರುವಂಥ ರಿಸೀವರ್ ಇಲ್ಲಿ ಇರುವುದಿಲ್ಲ.

ಗ್ಯಾಸಿನ ಮೇಲೆ ಅನುಮಾನ ಪಡುವ ಮೊದಲು ನಮ್ಮ ಊರುಗಳ ಪರಿಸ್ಥಿತಿಯನ್ನು ನೋಡಬೇಕು. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳು ವಿದ್ಯುತ್ ಲೈನಿನ ಕೊನೆಯಲ್ಲಿರುತ್ತವೆ. ಸಂಜೆ ಹೊತ್ತಿಗೆ ವೋಲ್ಟೇಜ್ ಇಳಿದು ಕಂಪ್ರೆಸರ್ ಸ್ಟಾರ್ಟ್ ಆಗದೆ ಗುಂಯ್‌ಗುಟ್ಟಿ, ಓವರ್‌ಲೋಡ್ (ಮೋಟಾರನ್ನು ಕಾಯುವ ಸ್ವಿಚ್) ‘ಟಕ್’ ಎಂದು ಸಂಪರ್ಕ ಬಿಡುವುದು ಅಲ್ಲಿ ಸಾಮಾನ್ಯ. ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ಮೂಲೆಯಲ್ಲಿ ಎದ್ದಿದ್ದರೆ ಮಳೆಗಾಲದ ತೇವದ ಗಾಳಿ ಒಳನುಗ್ಗಿ, ಬಾಯಿಯ ಸುತ್ತ ದಪ್ಪನೆ ಹಿಮ ಕಟ್ಟುತ್ತದೆ. ಅವರೆಕಾಯಿ ಕಾಲದಲ್ಲಿ ಹಿದುಕಿದ ಬೇಳೆಯನ್ನು ಐದಾರು ಕಿಲೋ ಒಟ್ಟಿಗೆ ತಂದು ತುಂಬಿದರೆ ಅದು ಗಟ್ಟಿಯಾಗಲು ಒಂದು ದಿನಕ್ಕಿಂತ ಹೆಚ್ಚು ಹಿಡಿದರೂ ಅದನ್ನು ತೊಂದರೆ ಎನ್ನಲಾಗದು. ಇನ್ನೊಂದು ಮಾತು: ಈಗಿನ ಬಹುತೇಕ ಪೆಟ್ಟಿಗೆ ಮಾದರಿಯ ಫ್ರೀಜರುಗಳಲ್ಲಿ ಕಂಡೆನ್ಸರ್ ಕೊಳವೆಗಳು ಹೊರಗೋಡೆಯ ತಗಡಿನ ಹಿಂಬದಿಗೇ ಅಂಟಿಕೊಂಡಿರುತ್ತವೆ. ಪಕ್ಕದ ಗೋಡೆ ಬಿಸಿಯಾಗಿದೆ ಎಂದು ಗಾಬರಿಯಾಗುವವರು ತಿಳಿಯಬೇಕಾದದ್ದೇನೆಂದರೆ, ಯಂತ್ರ ಓಡುವಾಗ ಆ ಗೋಡೆ ಬೆಚ್ಚಗಿರಲೇಬೇಕು. ಬೆಚ್ಚಗಾಗದಿದ್ದರೆ ಆಗ ಯೋಚಿಸಬೇಕು. ಆ ಗೋಡೆಗೆ ಅಕ್ಕಿ ಮೂಟೆಯನ್ನೋ ಕಾಫಿ ಚೀಲವನ್ನೋ ಒತ್ತಿಟ್ಟರೆ ಶಾಖ ಹೊರಹೋಗದೆ, ಗ್ಯಾಸ್ ಸರಿಯಾಗಿದ್ದರೂ ತಂಪು ಕುಗ್ಗುತ್ತದೆ.

ಇವೆಲ್ಲ ಸರಿಯಿವೆ ಎಂದಾದ ಮೇಲೆ ಮುಂದಿನ ಪರೀಕ್ಷೆಗೆ ಬರೋಣ. ಇದಕ್ಕೆ ಒತ್ತಡ ಅಳೆಯುವ ಗೇಜ್ ಬೇಕಿಲ್ಲ. ಒಂದು ಒಣ ಬಟ್ಟೆ, ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಒಂದು ಕ್ಲಾಂಪ್ ಮೀಟರ್, ತಾಳ್ಮೆ ಇದ್ದರೆ ಸಾಕು. ಫ್ರೀಜರನ್ನು ಖಾಲಿ ಮಾಡಿ, ಹಿಮವನ್ನು ಪೂರ್ತಿ ಕರಗಿಸಿ, ಒಳಗೋಡೆಯನ್ನು ಒರೆಸಿ ಒಣಗಿಸಿ, ಮುಚ್ಚಳ ಮುಚ್ಚಿ ಆನ್ ಮಾಡಿರಿ. ಅರ್ಧ ಗಂಟೆಯ ನಂತರ ತೆರೆದು, ಹಿಮ ಎಲ್ಲಿಂದ ಎಲ್ಲಿಯವರೆಗೆ ಕೂತಿದೆ ಎಂಬುದನ್ನು ನೋಡಿರಿ. ತುಸು ಒದ್ದೆ ಮಾಡಿದ ಬೆರಳನ್ನು ಗೋಡೆಯ ಮೇಲೆ ಆಡಿಸಿದರೆ, ಗೋಡೆಯ ಹಿಂದಿನ ಕೊಳವೆಯ ಯಾವ ಸುತ್ತಿನವರೆಗೆ ಬೆರಳು ಕಚ್ಚುತ್ತದೆ, ಯಾವ ಸುತ್ತಿನಿಂದ ಬರೀ ತಣ್ಣಗಿದೆ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ.

ಮೂಡಿಗೆರೆ ಬಳಿಯ ಒಂದು ಹೋಂಸ್ಟೇಯ ಫ್ರೀಜರಿನಲ್ಲಿ ನಾನು ಕಂಡದ್ದನ್ನು ಇಲ್ಲಿ ವಿವರಿಸುವುದು ಉಪಯುಕ್ತ. ಕ್ಯಾಪಿಲರಿಯಿಂದ ಗ್ಯಾಸ್ ಒಳಬರುವ ಕಡೆಯ ಎರಡು ಮೂರು ಸುತ್ತುಗಳ ಮೇಲೆ ಬಿಳಿಯ, ಗಟ್ಟಿಯಾದ ಹಿಮ ಪಟ್ಟಿಯಂತೆ ಕಟ್ಟಿತ್ತು. ಅದರಾಚೆ ಒಂದು ಸುತ್ತಿನಷ್ಟು ಜಾಗದಲ್ಲಿ ಬೆವರು ಮಾತ್ರ. ಅಲ್ಲಿಂದ ಮುಂದಿನ ಗೋಡೆ ಪೂರ್ತಿ ಒಣಗಿತ್ತು. ಮೇಲಿಟ್ಟಿದ್ದ ಮೀನು ಕಲ್ಲಿನಂತಿದ್ದರೆ ತಳದಲ್ಲಿದ್ದ ಕಳಲೆಯ ಪೊಟ್ಟಣಗಳು ಅದುಮಿದರೆ ತಗ್ಗುತ್ತಿದ್ದವು. ಕಂಪ್ರೆಸರ್ ನಿಲ್ಲದೆ ಓಡುತ್ತಿತ್ತು. ಹೊರಗೋಡೆ ಅಷ್ಟಾಗಿ ಬಿಸಿಯಿರಲಿಲ್ಲ. ಕರೆಂಟ್, ಯಂತ್ರಕ್ಕೆ ಅಂಟಿಸಿದ ವಿವರದ ಪ್ಲೇಟಿನ ಮೇಲೆ ಬರೆದದ್ದಕ್ಕಿಂತ ಚೆನ್ನಾಗಿಯೇ ಕಡಿಮೆಯಿತ್ತು. ಕಾಯಿಲಿಗೆ ಸಾಕಷ್ಟು ದ್ರವ ಬರುತ್ತಿಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಗೇಜ್ ಇಲ್ಲ. ಬಂದ ಅಷ್ಟಿಷ್ಟು ದ್ರವ ಮೊದಲ ಸುತ್ತುಗಳಲ್ಲೇ ಕುದಿದು ಮುಗಿದು, ಉಳಿದ ಸುತ್ತುಗಳಲ್ಲಿ ಬರೀ ಆವಿ ಹರಿಯುತ್ತಿದೆ.

ಇದಕ್ಕೆ ಹೋಲಿಸಿ ನೋಡಬೇಕಾದ ಇನ್ನೊಂದು ಲಕ್ಷಣವಿದೆ. ಹಿಮ ಕಾಯಿಲಿನ ಎಲ್ಲ ಸುತ್ತುಗಳ ಮೇಲೂ ಸಮನಾಗಿ, ಆದರೆ ತೆಳ್ಳಗೆ ಕೂತಿದ್ದು, ಒಳಗಿನ ಉಷ್ಣತೆ ಮೈನಸ್ ಎಂಟು ಹತ್ತಕ್ಕಿಂತ ಕೆಳಗಿಳಿಯದಿದ್ದರೆ ಗ್ಯಾಸ್ ಕಡಿಮೆ ಎಂದು ಹೇಳಲಾಗದು. ಅಲ್ಲಿ ಕಂಪ್ರೆಸರಿನ ವಾಲ್ವ್ ಸವೆದು ಒತ್ತುವ ಶಕ್ತಿ ಕುಗ್ಗಿರಬಹುದು, ಇಲ್ಲವೇ ಹೊರಗಿನ ಶಾಖ ಒಳಗೆ ಬರುತ್ತಿರಬಹುದು. ಇದನ್ನು ಗ್ಯಾಸ್ ಕೊರತೆ ಎಂದು ಭಾವಿಸಿ ಇನ್ನಷ್ಟು ಹಾಕಿದ ಯಂತ್ರಗಳು ರಿಪೇರಿಗೆ ಬರುವುದನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ.

ಆದರೆ ಕಾಯಿಲಿಗೆ ದ್ರವ ಸಾಲದೆ ಇರುವುದಕ್ಕೆ ಗ್ಯಾಸಿನ ಕೊರತೆಯೊಂದೇ ಕಾರಣವಲ್ಲ, ದಾರಿಯಲ್ಲಿ ತಡೆಯಿದ್ದರೂ ಹೀಗೆಯೇ ಆಗುತ್ತದೆ. ಚೋಕ್ (ದಾರಿ ಕಟ್ಟಿಕೊಳ್ಳುವುದು) ಮತ್ತು ಲೀಕ್ ಇವೆರಡನ್ನು ಬೇರ್ಪಡಿಸುವುದೇ ಈ ಕೆಲಸದ ನಿಜವಾದ ಕಠಿಣ ಭಾಗ. ಎರಡರಲ್ಲೂ ಹಿಮ ಅರ್ಧಕ್ಕೇ ನಿಲ್ಲುತ್ತದೆ, ಎರಡರಲ್ಲೂ ಸಕ್ಷನ್ (ಕಾಯಿಲಿನಿಂದ ಕಂಪ್ರೆಸರ್ ಆವಿಯನ್ನು ಎಳೆದುಕೊಳ್ಳುವ ಬದಿಯ) ಒತ್ತಡ ಇಳಿಯುತ್ತದೆ, ಎರಡರಲ್ಲೂ ಕರೆಂಟ್ ಕಡಿಮೆಯಾಗುತ್ತದೆ. ವ್ಯತ್ಯಾಸ ತಿಳಿಯುವುದು ಯಂತ್ರವನ್ನು ನಿಲ್ಲಿಸಿದ ಮೇಲಿನ ನಿಮಿಷಗಳಲ್ಲಿ. ಸರಿಯಿರುವ ಫ್ರೀಜರಿನಲ್ಲಿ ಕಂಪ್ರೆಸರ್ ನಿಂತ ಕೂಡಲೇ ಕಂಡೆನ್ಸರಿನ ದ್ರವ ಕ್ಯಾಪಿಲರಿಯ ಮೂಲಕ ಕಾಯಿಲಿಗೆ ನುಗ್ಗುವ ‘ಸ್ಸ್’ ಎಂಬ ಸದ್ದು ಕೇಳುತ್ತದೆ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಕ್ಯಾಪಿಲರಿ ಸೇರುವ ಜಾಗದ ಹತ್ತಿರ ಇಟ್ಟು ಹಿಡಿಗೆ ಕಿವಿಗೊಟ್ಟರೆ, ಮೊದಲು ದ್ರವದ ಗುಳುಗುಳು, ಆಮೇಲೆ ಬರೀ ಆವಿಯ ಸದ್ದು, ಕೆಲವು ನಿಮಿಷಗಳಲ್ಲಿ ಮೌನ ಎಂಬ ಕ್ರಮವನ್ನು ಬೇರೆ ಬೇರೆಯಾಗಿ ಗುರುತಿಸಬಹುದು. ಗ್ಯಾಸ್ ಕಡಿಮೆಯಿದ್ದರೆ ದ್ರವದ ಸದ್ದು ಇರುವುದೇ ಇಲ್ಲ ಅಥವಾ ಬೇಗ ಮುಗಿದುಹೋಗುತ್ತದೆ. ಪೂರ್ತಿ ಚೋಕ್ ಆಗಿದ್ದರೆ ಸದ್ದೇ ಬರುವುದಿಲ್ಲ. ಐದು ನಿಮಿಷ ಬಿಟ್ಟು ಮತ್ತೆ ಆನ್ ಮಾಡಿದಾಗ, ಎರಡೂ ಕಡೆಯ ಒತ್ತಡ ಸಮವಾಗಿರದ ಕಾರಣ ಕಂಪ್ರೆಸರ್ ಏಳಲಾರದೆ ಓವರ್‌ಲೋಡ್ ಬಿಡುತ್ತದೆ. ವೋಲ್ಟೇಜ್ ಇಳಿದಾಗಲೂ ಹೀಗಾಗುವುದರಿಂದ ಈ ಪರೀಕ್ಷೆ ಮಾಡುವಾಗ ಮೀಟರಿನಲ್ಲಿ ವೋಲ್ಟೇಜ್ ನೋಡುವುದನ್ನು ಮರೆಯಬಾರದು.

ಅರೆಬರೆ ಚೋಕನ್ನು ಕೈಯಿಂದಲೇ ಹಿಡಿಯಬಹುದು. ಯಂತ್ರ ಓಡುವಾಗ ಡ್ರೈಯರ್ ಫಿಲ್ಟರ್ ಎರಡೂ ತುದಿಗಳಲ್ಲಿ ಒಂದೇ ಸಮನೆ ಉಗುರುಬೆಚ್ಚಗಿರಬೇಕು. ಕ್ಯಾಪಿಲರಿ ಹೊರಡುವ ತುದಿ ತಣ್ಣಗಿದ್ದರೆ ಅಥವಾ ಬೆವರಿದ್ದರೆ ಒತ್ತಡ ಇಳಿಯಬೇಕಾದದ್ದು ಮುಂದೆ, ಇಳಿಯುತ್ತಿರುವುದು ಇಲ್ಲಿ ಎಂದಾಯಿತು, ಡ್ರೈಯರ್ ಕಟ್ಟಿಕೊಂಡಿದೆ. ತೇವಾಂಶದ ಚೋಕ್ ಇನ್ನೊಂದು ಬಗೆಯದು, ಅದು ಬಂದು ಹೋಗುತ್ತದೆ. ಕೆಲವು ಗಂಟೆ ಚೆನ್ನಾಗಿ ತಂಪಾಗಿ, ಆಮೇಲೆ ಇದ್ದಕ್ಕಿದ್ದಂತೆ ತಂಪು ನಿಂತು, ಆಫ್ ಮಾಡಿ ಬಿಟ್ಟರೆ ಮತ್ತೆ ಸರಿಹೋಗುತ್ತದೆ. ಕ್ಯಾಪಿಲರಿಯ ತುದಿಯಲ್ಲಿ ನೀರಿನ ಕಣ ಮಂಜುಗಡ್ಡೆಯಾಗಿ ಕೂರುವುದರಿಂದ ಹೀಗಾಗುತ್ತದೆ. ತಂಪು ನಿಂತಿರುವಾಗ ಆ ಜಾಗಕ್ಕೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಒತ್ತಿ ಹಿಡಿದರೆ, ಸ್ವಲ್ಪ ಹೊತ್ತಿಗೆ ಸದ್ದು ಮರಳಿ ಬರುತ್ತದೆ. ಇಂಥ ಯಂತ್ರಕ್ಕೆ ಗ್ಯಾಸ್ ಸೇರಿಸಿ ಪ್ರಯೋಜನವಿಲ್ಲ. ಇದ್ದದ್ದನ್ನು ತೆಗೆದು, ಡ್ರೈಯರ್ ಬದಲಿಸಿ, ಚೆನ್ನಾಗಿ ವ್ಯಾಕ್ಯೂಮ್ ಮಾಡಿ (ಪಂಪಿನಿಂದ ಒಳಗಿನ ಗಾಳಿ, ತೇವವನ್ನು ಎಳೆದು ತೆಗೆದು) ಹೊಸದಾಗಿ ತುಂಬಬೇಕು.

ಗ್ಯಾಸ್ ಹೆಚ್ಚಾದರೆ ಏನಾಗುತ್ತದೆ? ಕಾಯಿಲಿನಲ್ಲಿ ಕುದಿದು ಮುಗಿಯದ ದ್ರವ ಸಕ್ಷನ್ ಲೈನಿನಲ್ಲಿ ಕಂಪ್ರೆಸರಿನ ಕಡೆಗೆ ಹೋಗುತ್ತದೆ. ಸಕ್ಷನ್ ಪೈಪಿನ ಮೇಲೆ ಕಂಪ್ರೆಸರಿನವರೆಗೂ ಹಿಮ ಕಟ್ಟುವುದು, ಕರೆಂಟ್ ಏರುವುದು, ಹೊರಗೋಡೆ ಅತಿಯಾಗಿ ಬಿಸಿಯಾಗುವುದು ಇದರ ಗುರುತುಗಳು. ದ್ರವ ಕಂಪ್ರೆಸರಿನ ಎಣ್ಣೆಯನ್ನು ತೆಳುವಾಗಿಸಿ ಬೇರಿಂಗನ್ನೂ ವಾಲ್ವನ್ನೂ ಹಾಳುಮಾಡುತ್ತದೆ. ನಮ್ಮ ಜಿಲ್ಲೆಗಳಲ್ಲಿ ಈ ತಪ್ಪು ಚಳಿಗಾಲದಲ್ಲೇ ಹೆಚ್ಚಾಗಿ ಆಗುವುದಕ್ಕೆ ಕಾರಣವಿದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಕೋಣೆಯ ಉಷ್ಣತೆ ಹದಿನೈದರ ಆಸುಪಾಸಿನಲ್ಲಿದ್ದಾಗ ಕಂಡೆನ್ಸರಿನ ಒತ್ತಡ ತಾನಾಗಿಯೇ ಕಡಿಮೆಯಿರುತ್ತದೆ. ಒತ್ತಡ ಕಡಿಮೆಯಾದರೆ ಕ್ಯಾಪಿಲರಿಯಲ್ಲಿ ಹರಿಯುವ ದ್ರವವೂ ಕಡಿಮೆ, ಹೀಗಾಗಿ ಹಿಮ ಕಾಯಿಲಿನ ಕೊನೆಯವರೆಗೆ ಬರಲು ತಡವಾಗುತ್ತದೆ. ಆಗ ಹಿಮದ ಗೆರೆಯನ್ನೇ ನೋಡುತ್ತ ‘ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ’ ಎಂದು ಗ್ಯಾಸ್ ಬಿಟ್ಟರೆ, ಏಪ್ರಿಲ್ ಮಧ್ಯಾಹ್ನದಲ್ಲಿ ಅದೇ ಫ್ರೀಜರಿನ ಸಕ್ಷನ್ ಪೈಪು ಕಂಪ್ರೆಸರಿನ ಬುಡದವರೆಗೆ ಹಿಮಗಟ್ಟಿ ನಿಂತಿರುತ್ತದೆ.

ಈಗ ಗೇಜಿನ ವಿಷಯ. ಹಾಸನ ಸಮುದ್ರಮಟ್ಟದಿಂದ ಸುಮಾರು 970 ಮೀಟರ್, ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿವೆ. ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ 101 ಕಿಲೋಪಾಸ್ಕಲ್ ಇದ್ದರೆ ಹಾಸನದಲ್ಲಿ ಸುಮಾರು 90, ಚಿಕ್ಕಮಗಳೂರಿನಲ್ಲಿ 89ರ ಹತ್ತಿರ. ನಮ್ಮ ಮ್ಯಾನಿಫೋಲ್ಡ್ ಗೇಜ್ ತೋರಿಸುವುದು ಸುತ್ತಲಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದನ್ನು. ಅದರ ಮೇಲೆ ಅಚ್ಚಾಗಿರುವ ಉಷ್ಣತೆಯ ಅಂಕಿಗಳಾದರೋ ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದವು. ಎ.ಸಿ. ಕೆಲಸದಲ್ಲಿ ಒತ್ತಡಗಳು ದೊಡ್ಡವಾದ್ದರಿಂದ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಫ್ರೀಜರಿನಲ್ಲಿ ಬೀಳುತ್ತದೆ. ಫ್ರೀಜರಿನಲ್ಲಿ ತುಂಬುವ ಗ್ಯಾಸುಗಳಲ್ಲೊಂದಾದ ಆರ್-134ಎ ಮೈನಸ್ 25 ಡಿಗ್ರಿಯಲ್ಲಿ ಕುದಿಯುವಾಗ ಸಮುದ್ರಮಟ್ಟದಲ್ಲಿ ಗೇಜ್ ಒಂದು ಪಿಎಸ್‌ಐಗಿಂತ ಕೆಳಗಿರುತ್ತದೆ. ಅದೇ ಯಂತ್ರ, ಅದೇ ಉಷ್ಣತೆಯಲ್ಲಿ ಹಾಸನದಲ್ಲಿ ಎರಡೂವರೆಯ ಹತ್ತಿರ ತೋರಿಸುತ್ತದೆ. ಇನ್ನೊಂದಾದ ಆರ್-600ಎ ಗ್ಯಾಸಿನಲ್ಲಿ ಅದೇ ಉಷ್ಣತೆಗೆ ಸಮುದ್ರಮಟ್ಟದಲ್ಲಿ ಸುಮಾರು 13 ಇಂಚಿನ (ಪಾದರಸದ ಇಂಚಿನ ಲೆಕ್ಕದಲ್ಲಿ) ವ್ಯಾಕ್ಯೂಮ್ ಕಂಡರೆ ಇಲ್ಲಿ ಒಂಬತ್ತು ಒಂಬತ್ತೂವರೆ ಇಂಚು ಮಾತ್ರ ಕಾಣುತ್ತದೆ. ಚಾರ್ಟಿನ ಅಂಕಿಯನ್ನೇ ನಂಬಿ ‘ಒತ್ತಡ ಜಾಸ್ತಿಯಿದೆ’ ಎಂದು ಗ್ಯಾಸ್ ಹೊರತೆಗೆದರೆ, ಸರಿಯಾಗಿದ್ದ ಫ್ರೀಜರಿಗೆ ಕೊರತೆ ಬರುತ್ತದೆ.

ವ್ಯಾಕ್ಯೂಮ್ ಪಂಪಿನ ಕುರಿತ ದೂರೊಂದಕ್ಕೂ ಇದೇ ಉತ್ತರ. ಮಂಗಳೂರಿನಂಥ ಕರಾವಳಿಯ ಊರಿನಲ್ಲಿ ತರಬೇತಿ ಪಡೆದು ಬಂದವರು ಗೇಜ್ 29 ಇಂಚಿಗೆ ಬರಬೇಕೆಂದು ಕಾಯುತ್ತಾರೆ. ಎಷ್ಟೇ ಒಳ್ಳೆಯ ಪಂಪಾದರೂ ಹಾಸನದಲ್ಲಿ ಸರಿಯಾದ ಗೇಜ್ ಇಪ್ಪತ್ತಾರೂವರೆ ಇಂಚನ್ನು ಹೆಚ್ಚು ಮೀರದು, ಏಕೆಂದರೆ ಇಲ್ಲಿ ತೆಗೆಯಲು ಇರುವ ಗಾಳಿಯ ಒತ್ತಡವೇ ಅಷ್ಟು. ಪಂಪನ್ನು ದೂರುವ ಬದಲು, ತೀರ ಕಡಿಮೆ ಒತ್ತಡವನ್ನು ಮೈಕ್ರಾನ್ ಎಂಬ ಅಳತೆಯಲ್ಲಿ ತೋರಿಸುವ ಮೈಕ್ರಾನ್ ಗೇಜ್ ಬಳಸಬೇಕು. ಅದು ಸುತ್ತಲಿನ ಗಾಳಿಗೆ ಹೋಲಿಸದೆ ಒಳಗಿನ ಒತ್ತಡವನ್ನೇ ಅಳೆಯುವುದರಿಂದ ಊರಿನ ಎತ್ತರ ಅದಕ್ಕೆ ಲೆಕ್ಕವಿಲ್ಲ.

ನಿಮ್ಮ ಮುಂದಿರುವ ಯಂತ್ರದಲ್ಲಿ ಯಾವ ಗ್ಯಾಸ್ ಇದೆ, ಎಷ್ಟು ಗ್ರಾಂ ಇದೆ ಎಂಬುದು ಕಂಪ್ರೆಸರಿನ ಬಳಿ ಅಥವಾ ಹಿಂಬದಿಯಲ್ಲಿ ಅಂಟಿಸಿದ ಪ್ಲೇಟಿನ ಮೇಲಿರುತ್ತದೆ. ಹಳೆಯ ಆರ್-12 ಓಝೋನ್ ಪದರಕ್ಕೆ ಹಾನಿ ಮಾಡುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ಹಿಂದೆ ಸರಿಯಿತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ಹಾನಿ ಮಾಡದಿದ್ದರೂ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಕ್ಕಿದ ಪರಿಣಾಮವುಳ್ಳದ್ದು. ಅದನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಮರಳಿ ಹಿಡಿಯಬೇಕು. ಹಾಗೆ ಹಿಡಿದದ್ದನ್ನು ತೂಕ ಮಾಡಿದರೆ, ಗ್ಯಾಸ್ ಕಡಿಮೆಯಿತ್ತೋ ಇಲ್ಲವೋ ಎಂಬ ಪ್ರಶ್ನೆಗೆ ಅನುಮಾನಕ್ಕೆಡೆಯಿಲ್ಲದ ಉತ್ತರವೂ ಸಿಗುತ್ತದೆ. ಹೊಸ ಯಂತ್ರಗಳಲ್ಲಿ ಹೆಚ್ಚಾಗಿ ಇರುವುದು ಆರ್-600ಎ, ಅಂದರೆ ಐಸೊಬ್ಯೂಟೇನ್. ಇದು ಹೊತ್ತಿಕೊಳ್ಳುವ ಗ್ಯಾಸ್. ಗಾಳಿಗಿಂತ ಎರಡು ಪಟ್ಟು ಭಾರವಾದ್ದರಿಂದ ನೆಲದ ಮಟ್ಟದಲ್ಲೇ, ಫ್ರೀಜರಿನ ತಳದಲ್ಲೇ ತಂಗುತ್ತದೆ. ಅಡುಗೆ ಅನಿಲಕ್ಕೆ ಬೆರೆಸುವ ವಾಸನೆ ಇದಕ್ಕಿರುವುದಿಲ್ಲ. ಗಾಳಿಯಲ್ಲಿ ಶೇಕಡಾ 1.8ರಷ್ಟು ಸೇರಿದರೂ ಕಿಡಿ ತಗುಲಿದರೆ ಹೊತ್ತುತ್ತದೆ.

ಹಾಗಾಗಿ ಈ ಯಂತ್ರಗಳಲ್ಲಿ ಕೆಲಸ ಮಾಡುವಾಗ ಕಿಟಕಿ ಬಾಗಿಲು ತೆರೆದಿರಬೇಕು, ಅಡುಗೆಮನೆಯ ಒಲೆ ಆರಿರಬೇಕು, ದೇವರ ಮನೆಯ ದೀಪ ಪಕ್ಕದ ಕೋಣೆಯಲ್ಲಿದ್ದರೂ ಕೇಳಿ ಆರಿಸಬೇಕು. ಗ್ಯಾಸನ್ನು ಉದ್ದದ ಪೈಪಿನಲ್ಲಿ ಮನೆಯ ಹೊರಗೆ ಬಯಲಿಗೆ ಬಿಟ್ಟು, ಒಳಗೆ ನೈಟ್ರೋಜನ್ ಹಾಯಿಸಿದ ನಂತರವೇ ಮುಂದಿನ ಕೆಲಸ. ಹಳೆಯ ಜಾಯಿಂಟನ್ನು ಬೆಸುಗೆಯ ಉರಿ ಟಾರ್ಚಿನಿಂದ ಬಿಚ್ಚಬಾರದು, ಕಟರಿನಿಂದ ಕತ್ತರಿಸಬೇಕು. ಎಣ್ಣೆಯಲ್ಲಿ ಕರಗಿ ಉಳಿದ ಗ್ಯಾಸ್ ಬಿಸಿಯಾದಾಗ ಹೊರಬರುತ್ತದೆ. ಐಸೊಬ್ಯೂಟೇನ್ ಸಿಗಲಿಲ್ಲವೆಂದು ಅಡುಗೆ ಸಿಲಿಂಡರಿನ ಗ್ಯಾಸ್ ತುಂಬುವವರಿದ್ದಾರೆಂದು ಕೇಳಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಪ್ರೊಪೇನ್ ಮತ್ತು ಬ್ಯೂಟೇನ್ ಬೆರೆತದ್ದು, ಅದರ ಒತ್ತಡ ಬೇರೆ, ಅದರಲ್ಲಿ ತೇವವೂ ಗಂಧಕದ ವಾಸನಾ ದ್ರವ್ಯವೂ ಇರುತ್ತದೆ. ಗೃಹಿಣಿಯರಿಗೆ ಒಂದು ಮಾತು: ಹಿಮ ತೆಗೆಯಲು ಚಾಕು, ಸ್ಕ್ರೂಡ್ರೈವರ್ ಬಳಸಬೇಡಿರಮ್ಮ. ಕಾಯಿಲ್ ತೂತಾಗುವುದಕ್ಕೆ ಇದು ದೊಡ್ಡ ಕಾರಣ. ಆರ್-600ಎ ಓಡುವಾಗ ಕಾಯಿಲಿನ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುವುದರಿಂದ, ತೂತಾದ ಕೂಡಲೇ ಗ್ಯಾಸ್ ಹೊರಬರುವ ಸದ್ದೂ ಕೇಳದೆ, ಹೊರಗಿನ ತೇವದ ಗಾಳಿಯೇ ಒಳಗೆ ಹೋಗಿ ಇಡೀ ವ್ಯವಸ್ಥೆಯನ್ನು ಕೆಡಿಸುತ್ತದೆ.

ಲೀಕ್ ಹುಡುಕುವಾಗಲೂ ಇದನ್ನು ನೆನಪಿಡಬೇಕು. ಓಡುತ್ತಿರುವ ಆರ್-600ಎ ಯಂತ್ರದ ಕಾಯಿಲ್ ಬದಿಗೆ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಬರುವುದಿಲ್ಲ. ನೊರೆಯೇ ಒಳಗೆ ಹೋಗಬಹುದು. ಯಂತ್ರ ನಿಲ್ಲಿಸಿ, ಗ್ಯಾಸ್ ತೆಗೆದು, ರೆಗ್ಯುಲೇಟರ್ ಮೂಲಕ ಒಣ ನೈಟ್ರೋಜನ್ ತುಂಬಿ ಪರೀಕ್ಷಿಸಬೇಕು. ಸಿಲಿಂಡರಿನ ಒಳಗೆ ನೂರಕ್ಕೂ ಮಿಕ್ಕ ಬಾರ್ ಒತ್ತಡವಿರುವುದರಿಂದ ರೆಗ್ಯುಲೇಟರ್ ಇಲ್ಲದೆ ನೈಟ್ರೋಜನ್ ಮುಟ್ಟಲೇಬಾರದು, ಅದರ ಬದಲು ವೆಲ್ಡಿಂಗಿನ ಆಕ್ಸಿಜನ್ನಂತೂ ಎಂದಿಗೂ ಕೂಡದು; ಎಣ್ಣೆಯ ಜೊತೆ ಸೇರಿದರೆ ಆಕ್ಸಿಜನ್ ಸ್ಫೋಟಿಸುತ್ತದೆ. ಮೊದಲು ನೋಡಬೇಕಾದ ಜಾಗಗಳೆಂದರೆ ಡ್ರೈಯರಿಗೆ ಕ್ಯಾಪಿಲರಿ ಸೇರುವ ಬೆಸುಗೆ, ತಾಮ್ರ ಮತ್ತು ಅಲ್ಯೂಮಿನಿಯಂ ಸೇರುವ ಜಾಯಿಂಟ್, ಮೀನು ಮಾಂಸದ ಉಪ್ಪುನೀರು ನಿಂತು ತುಕ್ಕು ಹಿಡಿದ ತಳ. ಎಣ್ಣೆಯ ಜಿಡ್ಡು ಕಂಡ ಕಡೆ ಎರಡು ಸಲ ನೋಡಿರಿ.

ಲೀಕ್ ಸರಿಪಡಿಸಿದ ಮೇಲೆ ವ್ಯಾಕ್ಯೂಮ್. ಮಳೆಗಾಲದಲ್ಲಿ ಚಿಕ್ಕಮಗಳೂರಿನ ಗಾಳಿಯಲ್ಲಿ ಎಷ್ಟು ತೇವವಿರುತ್ತದೆ ಎಂಬುದು ನಿಮಗೆ ಗೊತ್ತು. ಹೊಸ ಡ್ರೈಯರಿನ ಮುಚ್ಚಳವನ್ನು ಬೆಸುಗೆಗೆ ಎಲ್ಲ ಸಿದ್ಧವಾದ ಮೇಲಷ್ಟೇ ತೆಗೆಯಬೇಕು. ತೆರೆದಿಟ್ಟು ಚಹಾ ಕುಡಿದು ಬಂದರೆ ಅದು ಹೀರಬೇಕಾದ ತೇವವನ್ನು ಹೊರಗೇ ಹೀರಿಕೊಂಡಿರುತ್ತದೆ. ಕಂಪ್ರೆಸರನ್ನೇ ಪಂಪಿನಂತೆ ಓಡಿಸಿ ಗಾಳಿ ತೆಗೆಯುವ ಪದ್ಧತಿಯಿಂದ ಕೊಳವೆಯೊಳಗಿನ ತೇವ ಹೊರಹೋಗುವುದಿಲ್ಲ. 25 ಡಿಗ್ರಿಯಲ್ಲಿ ನೀರು ಕುದಿಯಲು ಒತ್ತಡ ಸುಮಾರು 3.2 ಕಿಲೋಪಾಸ್ಕಲ್‌ಗಿಂತ ಕೆಳಗಿಳಿಯಬೇಕು, ಒಣಗಲು ಅದಕ್ಕಿಂತ ಬಹಳ ಕೆಳಗಿರಬೇಕು. 500 ಮೈಕ್ರಾನಿಗೆ ಇಳಿಸಿ, ವಾಲ್ವ್ ಮುಚ್ಚಿ, ಇಪ್ಪತ್ತು ನಿಮಿಷ ನೋಡಿರಿ. ಅಂಕಿ ಏರುತ್ತ ಹೋಗಿ ನಿಲ್ಲದಿದ್ದರೆ ಲೀಕ್ ಇನ್ನೂ ಇದೆ. ಸ್ವಲ್ಪ ಏರಿ ಒಂದು ಕಡೆ ನಿಂತರೆ ಒಳಗೆ ತೇವ ಉಳಿದಿದೆ. ಕ್ಯಾಪಿಲರಿ ಸಣ್ಣದಾದ್ದರಿಂದ ಗ್ಯಾಸ್ ತುಂಬುವ ಚಾರ್ಜಿಂಗ್ ಲೈನಿನ ಜೊತೆಗೆ ಡ್ರೈಯರ್ ಬದಿಯಿಂದಲೂ ಎಳೆದರೆ ಸಮಯ ಉಳಿಯುತ್ತದೆ, ಕೆಲಸವೂ ಪೂರ್ತಿಯಾಗುತ್ತದೆ.

ಕೊನೆಗೆ ತುಂಬಿಸುವುದು. ಒಂದು ಗ್ರಾಂ ತೋರಿಸುವ ತಕ್ಕಡಿ ಇಲ್ಲದೆ ಆರ್-600ಎ ಕೆಲಸ ಮಾಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಪ್ಲೇಟಿನಲ್ಲಿ 60 ಗ್ರಾಂ ಎಂದಿದ್ದರೆ ಐದು ಗ್ರಾಮಿನ ಹೆಚ್ಚು ಕಡಿಮೆ ಎಂದರೆ ಶೇಕಡಾ ಎಂಟರಷ್ಟು. ಅಷ್ಟು ವ್ಯತ್ಯಾಸ ಹಿಮದ ಗೆರೆಯನ್ನು ಎರಡು ಸುತ್ತು ಹಿಂದಕ್ಕೋ ಸಕ್ಷನ್ ಪೈಪಿಗೋ ತಳ್ಳಬಹುದು. ಆರ್-134ಎ ಯಂತ್ರಗಳ ರೂಢಿಯಲ್ಲಿ ಕೈಲೆಕ್ಕದಿಂದ ತುಂಬುವವರಿಗೆ ಇಲ್ಲಿ ತಪ್ಪುವುದು ಖಂಡಿತ, ಏಕೆಂದರೆ ಅದೇ ಗಾತ್ರದ ಯಂತ್ರಕ್ಕೆ ಆರ್-600ಎ ಬೇಕಾಗುವುದು ತೂಕದಲ್ಲಿ ಅರ್ಧಕ್ಕಿಂತಲೂ ಕಡಿಮೆ. ತುಂಬಿದ ಮೇಲೆ ಚಾರ್ಜಿಂಗ್ ಲೈನನ್ನು ಅದುಮಿ ಮುಚ್ಚಿ, ಮೊದಲಿನ ಒಣಬಟ್ಟೆಯ ಪರೀಕ್ಷೆಯನ್ನೇ ಮತ್ತೆ ಮಾಡಿ, ಯಂತ್ರವನ್ನು ಒಂದು ಪೂರ್ತಿ ದಿನ ಓಡಿಸಿ ಮೈನಸ್ 18ಕ್ಕೆ ಇಳಿದು ಥರ್ಮೋಸ್ಟಾಟ್ ತಾನಾಗಿ ಆಫ್ ಆಗುವುದನ್ನು ನೋಡಬೇಕು.

ಆಮೇಲೆ ಯಾವ ಗ್ಯಾಸ್, ಎಷ್ಟು ಗ್ರಾಂ, ಯಾವ ತಾರೀಖು, ಲೀಕ್ ಇದ್ದ ಜಾಗ ಯಾವುದು ಎಂಬ ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ರೆಸರಿನ ಮೇಲೆ ಅಂಟಿಸಿರಿ. ಮನೆಯವರೂ ಬಿಲ್ಲಿನಲ್ಲಿ ಬರೀ ‘ಗ್ಯಾಸ್ ಚಾರ್ಜಿಂಗ್’ ಎಂದಿದ್ದರೆ ಎಷ್ಟು ಗ್ರಾಂ ಹಾಕಿದಿರಿ, ಲೀಕ್ ಎಲ್ಲಿತ್ತು ಎಂದು ಕೇಳಿ ಬರೆಸಿಕೊಳ್ಳಿರಿ.